ಮೊರಿಸ್ ಮೈನರ್ ಟ್ರಾವೆಲರ್ ಕೊಳ್ಳುವ ಮುನ್ನ: ಗಾಜು, ದೀಪ, ಮರಗಳಿಂದ ಕಾರಿನ ಕಾಲ ಗುರುತಿಸುವ ಬಗೆ

ಟ್ರಾವೆಲರ್ ಕಾರನ್ನು ಮೊದಲ ಸಲ ಕಂಡವರು ಅದರ ಹಿಂಭಾಗದ ಮುಂದೆ ನಿಂತುಬಿಡುತ್ತಾರೆ. ಮುಂದಿನ ಅರ್ಧ ಎಲ್ಲ ಕಾರುಗಳಂತೆ ಉಕ್ಕಿನದು, ದುಂಡು ಮೂತಿಯದು. ಹಿಂದಿನ ಅರ್ಧದಲ್ಲಿ ಜೇನುಬಣ್ಣದ ಮರದ ಕಂಬಗಳು, ಅಡ್ಡಪಟ್ಟಿಗಳು, ನಡುವೆ ಬಣ್ಣ ಬಳಿದ ತಗಡು, ಜಾರುವ ಕಿಟಕಿಗಾಜು, ಬೀರುವಿನಂತೆ ಎರಡು ಕಡೆಗೆ ತೆರೆಯುವ ಜೋಡಿ ಬಾಗಿಲು. ಹಳೆಯ ಮನೆಯೊಂದರ ಕಿಟಕಿಯನ್ನು ಚೌಕಟ್ಟಿನ ಸಮೇತ ತಂದು ಗಾಲಿಗಳ ಮೇಲೆ ಕೂರಿಸಿದಂತಿರುತ್ತದೆ. ನಾನು ಇಂಗ್ಲೆಂಡಿಗೆ ಬಂದ ಮೊದಲ ಚಳಿಗಾಲದಲ್ಲಿ ಒಂದು ಬೀದಿಯ ಅಂಚಿನಲ್ಲಿ ಇದನ್ನು ನೋಡಿ, ಕೈಗವಸು ತೆಗೆದು ಆ ಮರವನ್ನು ಮುಟ್ಟಿದ್ದೆ. ಅಂದಿನಿಂದ ಎಲ್ಲಿ ಟ್ರಾವೆಲರ್ ಕಂಡರೂ ಅದು ಯಾವ ವರ್ಷದ್ದೆಂದು ಗುರುತಿಸದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಳೆಯ ಕಾರಿನ ಆಸೆ ಇರುವವರು ಕೆಲವರು, ಟ್ರಾವೆಲರ್ ಯಾವ ಕಾಲದ್ದು, ಅದರ ಮರ ಗಟ್ಟಿಯಿದೆಯೇ ಎಂದು ತಿಳಿಯುವುದು ಹೇಗೆ ಎಂದು ಈಚೆಗೆ ನನ್ನನ್ನು ಕೇಳಿದ್ದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ಕಾರನ್ನು ಕೊಳ್ಳದಿದ್ದರೂ ಸರಿ, ವಸ್ತುಪ್ರದರ್ಶನದಲ್ಲಿ ನಿಂತ ಟ್ರಾವೆಲರ್ ಅನ್ನು ನೋಡಿ ಅರ್ಥಮಾಡಿಕೊಳ್ಳಲು ಇದು ನೆರವಾಗಬೇಕು.

ಹಿನ್ನೆಲೆ ಇಷ್ಟು. ಅಲೆಕ್ ಇಸಿಗೋನಿಸ್ ರೂಪಿಸಿದ ಮೊರಿಸ್ ಮೈನರ್ 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂದಿತು. ಮರದ ಹಿಂಭಾಗದ ಟ್ರಾವೆಲರ್ ಅದರ ಸರಣಿಗೆ ಸೇರಿದ್ದು 1953ರ ಅಕ್ಟೋಬರಿನಲ್ಲಿ. 1971ರಲ್ಲಿ ಉತ್ಪಾದನೆ ನಿಲ್ಲುವ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಟ್ರಾವೆಲರ್‌ಗಳು ತಯಾರಾಗಿದ್ದವು. ಹಿಂಭಾಗವೂ ಉಕ್ಕಿನದೇ ಆದ ಮಾಮೂಲು ಮೈನರ್, ಅಂದರೆ ಸಲೂನ್ ಮಾದರಿ, ಅದಕ್ಕಿಂತ ಮೊದಲೇ, 1970ರಲ್ಲಿ, ನಿಂತಿತ್ತು. ಆ ಹದಿನೆಂಟು ವರ್ಷಗಳಲ್ಲಿ ಕಾರಿನ ಆಕಾರ ಬದಲಾಗಲಿಲ್ಲ. ಗಾಜು, ಗ್ರಿಲ್, ದೀಪ, ವೈಪರ್, ಡ್ಯಾಶ್‌ಬೋರ್ಡ್, ಎಂಜಿನ್ ಮಾತ್ರ ಒಂದೊಂದಾಗಿ ಬದಲಾದವು. ಆ ಬದಲಾವಣೆಗಳ ಕ್ರಮ ತಿಳಿದಿದ್ದರೆ, ದಾಖಲೆ ಕೈಗೆ ಬರುವ ಮುನ್ನವೇ ಕಾರಿನ ಕಾಲವನ್ನು ಎರಡು ಮೂರು ವರ್ಷಗಳ ಅಂತರದೊಳಗೆ ಹೇಳಬಹುದು.

ಇಂಥ ಕಾರುಗಳಿಗೆ ಅಲ್ಲಿ ಎಸ್ಟೇಟ್ ಕಾರು ಎನ್ನುತ್ತಾರೆ. ನಮ್ಮ ಕಿವಿಗೆ ಎಸ್ಟೇಟ್ ಎಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಇಂಗ್ಲಿಷರ ಹೆಸರಿನ ಹುಟ್ಟು ಕೂಡ ಅದಕ್ಕೆ ದೂರವಲ್ಲ: ಹಳ್ಳಿಗಾಡಿನ ಜಮೀನ್ದಾರಿ ಬಂಗಲೆಗಳಿಗೆ ರೈಲು ನಿಲ್ದಾಣದಿಂದ ಅತಿಥಿಗಳನ್ನೂ ಅವರ ಪೆಟ್ಟಿಗೆಗಳನ್ನೂ ಹೊತ್ತು ತರಲು ಮರದ ಹಿಂಭಾಗ ಕಟ್ಟಿಸಿದ ವಾಹನಗಳಿಂದ ಈ ವಂಶ ಬೆಳೆಯಿತು.

ಹೋಗುವ ಮುನ್ನ

ಜೇಬಿನಲ್ಲಿ ಒಂದು ಚಿಕ್ಕ ಅಯಸ್ಕಾಂತ, ಒಂದು ಟಾರ್ಚ್, ಮೊಂಡು ತುದಿಯ ಸ್ಕ್ರೂಡ್ರೈವರ್, ಹಳೆಯದೊಂದು ವಿಸಿಟಿಂಗ್ ಕಾರ್ಡ್ ಇರಲಿ. ನೆಲಕ್ಕೆ ಹಾಸಿ ಮಲಗಲು ಒಂದು ಚಾಪೆಯನ್ನೂ ಒಯ್ಯಿರಿ. ಸಾಧ್ಯವಾದರೆ ಮಳೆ ಬಂದ ಮರುದಿನ ಬೆಳಿಗ್ಗೆ ಹೋಗಿ. ಒಣ ಬಿಸಿಲಿನಲ್ಲಿ ಎಲ್ಲ ಮರವೂ ಚೆನ್ನಾಗಿಯೇ ಕಾಣುತ್ತದೆ. ಮಳೆಯ ಮರುದಿನ ನೀರು ಎಲ್ಲಿ ನಿಂತಿದೆ, ಎಲ್ಲಿ ಒಳಗಿಳಿದಿದೆ ಎಂಬುದನ್ನು ಕಾರೇ ತೋರಿಸುತ್ತದೆ.

ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಇನ್ನೊಂದು ಸಂಗತಿ ಅಕ್ಟೋಬರ್ ತಿಂಗಳು. ಬ್ರಿಟಿಷ್ ಕಂಪನಿಗಳು ಅರ್ಲ್ಸ್ ಕೋರ್ಟ್ ಪ್ರದರ್ಶನದ ಹೊತ್ತಿಗೆ ಹೊಸ ಬದಲಾವಣೆಗಳನ್ನು ತರುತ್ತಿದ್ದವು. ಆದ್ದರಿಂದ 1956ರ ಜೂನ್‌ನ ಕಾರೂ 1956ರ ಡಿಸೆಂಬರ್‌ನ ಕಾರೂ ನೋಟಕ್ಕೆ ಬೇರೆಬೇರೆಯಾಗಿರಬಹುದು. ಅಂಗಡಿಯಲ್ಲಿ ಕೆಲವು ತಿಂಗಳು ಮಾರಾಟವಾಗದೆ ಉಳಿದ ಹಳೆಯ ಮಾದರಿ ಹೊಸ ವರ್ಷದಲ್ಲಿ ನೋಂದಣಿಯಾದದ್ದೂ ಉಂಟು. ವರ್ಷ ಒಂದನ್ನೇ ಹಿಡಿದು ಹಟ ಮಾಡಬೇಡಿ, ತಿಂಗಳನ್ನೂ ಕೇಳಿ.

ಮೊದಲ ಹೆಜ್ಜೆ: ಮುಂದಿನ ಗಾಜು ಮತ್ತು ಗ್ರಿಲ್

ಕಾರಿನ ಎದುರು ಹತ್ತು ಅಡಿ ದೂರದಲ್ಲಿ ನಿಲ್ಲಿ. ಮುಂದಿನ ಗಾಜಿನ ನಡುವೆ ಕಂಬಿ ಇದೆಯೇ ನೋಡಿ. ಎರಡು ಚಪ್ಪಟೆ ಗಾಜುಗಳನ್ನು ನಡುಗಂಬಿಯಿಂದ ಸೇರಿಸಿದ್ದರೆ ಅದು 1956ರ ಶರತ್ಕಾಲಕ್ಕಿಂತ ಹಿಂದಿನ ಕಾರು. ಬಾಗಿದ ಒಂದೇ ಗಾಜಿದ್ದರೆ ಆಮೇಲಿನ ಮೈನರ್ 1000. ಇದು ನಂಬಿಕೆಗೆ ಅರ್ಹವಾದ ಗುರುತು. ಗಾಜಿನ ಸುತ್ತಲ ಉಕ್ಕಿನ ಚೌಕಟ್ಟನ್ನೇ ಕತ್ತರಿಸದೆ ಒಂದನ್ನು ಇನ್ನೊಂದಾಗಿ ಮಾಡಲಾಗದು.

ಇನ್ನು ಗ್ರಿಲ್. ಮೊದಲ ವರ್ಷದ ಟ್ರಾವೆಲರ್‌ಗಳಿಗೆ ಸಣ್ಣ ಕಂಡಿಗಳ ಗ್ರಿಲ್ ಇತ್ತು. ಅಲ್ಲಿನವರು ಅದನ್ನು ಚೀಸ್ ತುರಿಮಣೆ ಎನ್ನುತ್ತಾರೆ, ನಮ್ಮ ಕೊಬ್ಬರಿ ತುರಿಯುವ ತಗಡನ್ನು ನೆನೆದರೂ ಸಾಕು. ಪಕ್ಕದ ಸಣ್ಣ ದೀಪಗಳು ಆಗ ಗ್ರಿಲ್ ಇರುವ ಮೂತಿಯ ತಗಡಿನಲ್ಲೇ ಇದ್ದವು. 1954ರ ಅಕ್ಟೋಬರಿನಲ್ಲಿ ಅಡ್ಡಪಟ್ಟಿಗಳ ಗ್ರಿಲ್ ಬಂದಿತು, ಸಣ್ಣ ದೀಪಗಳು ಹೆಡ್‌ಲೈಟುಗಳ ಕೆಳಗೆ ಮಡ್‌ಗಾರ್ಡಿಗೆ ಸರಿದವು. ಅಂದರೆ ತುರಿಮಣೆ ಗ್ರಿಲ್ ಇರುವ ಟ್ರಾವೆಲರ್ ತಯಾರಾದದ್ದು ಒಂದೇ ವರ್ಷ. ಅಂಥದ್ದು ಕಣ್ಣಿಗೆ ಬಿದ್ದರೆ ಅವಸರಪಡದೆ ನಿಂತು ನೋಡಿ, ಮತ್ತೆ ಸಿಗುವುದು ಅಪರೂಪ.

ಬಾನೆಟ್ಟಿನ ನಡುವೆ ಮೂತಿಯಿಂದ ಗಾಜಿನವರೆಗೆ ಹಾದುಹೋಗುವ ಅಗಲ ಪಟ್ಟಿಯನ್ನು ಗಮನಿಸಿ. ಕಾಲನಿರ್ಣಯಕ್ಕೆ ಅದು ಬೇಕಿಲ್ಲ, ಎಲ್ಲ ಮೈನರ್‌ಗಳಿಗೂ ಇದೆ. ಆದರೆ ಅದರ ಹಿಂದೆ ಒಳ್ಳೆಯ ಕತೆಯಿದೆ. ಮಾದರಿ ಕಾರು ತಯಾರಾದ ಮೇಲೆ ಇಸಿಗೋನಿಸ್‌ಗೆ ಅದು ತೀರ ಕಿರಿದು ಎನಿಸಿತು. ಕಾರನ್ನು ಉದ್ದಕ್ಕೆ ಸೀಳಿಸಿ, ಎರಡು ಭಾಗಗಳನ್ನು ದೂರ ಸರಿಸುತ್ತ ಹೋಗಿ, ನಾಲ್ಕು ಇಂಚು ಅಂತರದಲ್ಲಿ ಸರಿ ಎಂದರು. ಆ ನಾಲ್ಕು ಇಂಚೇ ಬಾನೆಟ್ಟಿನ ಪಟ್ಟಿಯಾಗಿ ಉಳಿಯಿತು. ಬಂಪರ್‌ಗಳು ಅಷ್ಟರಲ್ಲಾಗಲೇ ತಯಾರಾಗಿದ್ದರಿಂದ ಆರಂಭದ ಮೈನರ್‌ಗಳ ಬಂಪರನ್ನು ನಡುವೆ ಕತ್ತರಿಸಿ ತುಂಡು ಸೇರಿಸಬೇಕಾಯಿತು. ಈ ಒಂದು ಪಟ್ಟಿಯನ್ನು ನೋಡಿದಾಗಲೆಲ್ಲ ನನಗೆ ಆ ಮನುಷ್ಯನ ಕಣ್ಣಳತೆಯ ಮೇಲೆ ಗೌರವ ಉಕ್ಕುತ್ತದೆ.

ಎರಡನೆಯ ಹೆಜ್ಜೆ: ದೀಪ ಮತ್ತು ವೈಪರ್

1961ರ ಅಕ್ಟೋಬರಿನವರೆಗೆ ಮೈನರ್‌ಗೆ ಮಿನುಗುವ ಇಂಡಿಕೇಟರ್ ಇರಲಿಲ್ಲ. ತಿರುವು ತೋರಿಸಲು ಕಾರಿನ ಪಕ್ಕದಿಂದ ರೈಲ್ವೆ ಕೈಮರದಂಥ ಪುಟ್ಟ ಕೈಯೊಂದು ಹೊರಚಾಚುತ್ತಿತ್ತು, ಒಳಗಿನಿಂದ ಬೆಳಗುತ್ತಿತ್ತು. ಅದರ ಹೆಸರು ಟ್ರಾಫಿಕೇಟರ್. 1961ರಲ್ಲಿ ಅವು ಹೋಗಿ ಮಿನುಗುವ ದೀಪಗಳು ಬಂದವು. 1963ರ ಅಕ್ಟೋಬರಿನಲ್ಲಿ ಮುಂದಿನ ದೀಪಗಳು ದೊಡ್ಡವಾದವು, ಇಂಡಿಕೇಟರ್‌ಗೆ ಕಿತ್ತಳೆ ಬಣ್ಣ ಬಂದಿತು.

ಅದೇ 1963ರಲ್ಲಿ ವೈಪರ್‌ಗಳೂ ಬದಲಾದವು. ಅದಕ್ಕೆ ಮುಂಚೆ ಎರಡು ವೈಪರ್‌ಗಳು ಚಪ್ಪಾಳೆ ತಟ್ಟುವ ಕೈಗಳಂತೆ ಒಂದಕ್ಕೊಂದು ಎದುರಾಗಿ ಚಲಿಸುತ್ತಿದ್ದವು. ಆಮೇಲೆ ಎರಡೂ ಒಂದೇ ದಿಕ್ಕಿಗೆ ಜೊತೆಯಾಗಿ ಓಡತೊಡಗಿದವು. ಮಾರುವವರಿಗೆ ಹೇಳಿ ಒಮ್ಮೆ ವೈಪರ್ ಓಡಿಸಿ ನೋಡಿ. ಗಾಜನ್ನು ಒದ್ದೆ ಮಾಡಿಕೊಳ್ಳಲು ಮರೆಯಬೇಡಿ.

ಇವುಗಳಲ್ಲಿ ದೀಪದ ಸಾಕ್ಷ್ಯ ದುರ್ಬಲ. ಮೈನರ್‌ನ ಮುಂದಿನ ಮಡ್‌ಗಾರ್ಡ್‌ಗಳನ್ನು ಬೋಲ್ಟ್ ಬಿಚ್ಚಿ ತೆಗೆಯಬಹುದು. ತುಕ್ಕು ಹಿಡಿದ ಹಳೆಯದನ್ನು ಬಿಸಾಡಿ ಹೊಸ ಕಾಲದ ಮಡ್‌ಗಾರ್ಡ್ ಹಾಕಿಸಿದರೆ ದೀಪವೂ ಅದರ ಜೊತೆ ಬದಲಾಗುತ್ತದೆ. ಟ್ರಾಫಿಕೇಟರ್ ಇದ್ದ ಕಾರಿಗೆ ಸುರಕ್ಷತೆಗಾಗಿ ಮಿನುಗುವ ದೀಪ ಸೇರಿಸಿದವರು ಬಹಳ ಮಂದಿ. ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಇಂದಿನ ರಸ್ತೆಯಲ್ಲಿ ಹಿಂದಿನ ಲಾರಿ ಚಾಲಕನಿಗೆ ಆ ಪುಟ್ಟ ಕೈ ಕಾಣದು. ಎರಡೂ ಇದ್ದರೆ ಎರಡನ್ನೂ ಉಳಿಸಿಕೊಳ್ಳಿ.

ಮೂರನೆಯ ಹೆಜ್ಜೆ: ಒಳಗೆ ಕುಳಿತು ನೋಡುವುದು

ಚಾಲಕನ ಸೀಟಿನಲ್ಲಿ ಕುಳಿತ ಮೇಲೆ ಮೊದಲು ಸ್ಪೀಡೋಮೀಟರ್ ಎಲ್ಲಿದೆ ನೋಡಿ. 1954ರ ಅಕ್ಟೋಬರಿನಿಂದ ಅದು ಡ್ಯಾಶ್‌ಬೋರ್ಡಿನ ನಡುವೆ ಬಂದಿತು, ಎರಡು ಕಡೆ ಬಾಯಿತೆರೆದ ಖಾನೆಗಳಿದ್ದವು. ಬಲಗಡೆ ಸ್ಟೇರಿಂಗ್ ಇರುವ ಕಾರಿಗೂ ಎಡಗಡೆಯ ಕಾರಿಗೂ ಒಂದೇ ವಿನ್ಯಾಸ ಒಗ್ಗುತ್ತದೆ, ರಫ್ತಿಗೆ ಅನುಕೂಲ. 1956ರ ಮೈನರ್ 1000ದಲ್ಲಿ ಆ ಖಾನೆಗಳಿಗೆ ಮುಚ್ಚಳ ಬಂದಿತು, ಗೇರ್ ಲಿವರ್ ಗಿಡ್ಡದಾಗಿ ಕೈಗೆ ಹತ್ತಿರವಾಯಿತು, ಸ್ಟೇರಿಂಗ್ ಚಕ್ರ ತಟ್ಟೆಯಂತೆ ನಡುವೆ ತಗ್ಗಿತು.

1964ರ ಅಕ್ಟೋಬರಿನಲ್ಲಿ ಡ್ಯಾಶ್‌ಬೋರ್ಡನ್ನು ಮತ್ತೆ ತಿದ್ದಿದರು. ಎರಡೇ ಕಡ್ಡಿಗಳ ಸ್ಟೇರಿಂಗ್ ಚಕ್ರ ಬಂದಿತು, ಪ್ರಯಾಣಿಕನ ಕಡೆಯ ಖಾನೆಗೆ ಮಾತ್ರ ಮುಚ್ಚಳ ಉಳಿಯಿತು. ಎಲ್ಲಕ್ಕಿಂತ ಸುಲಭದ ಗುರುತೆಂದರೆ ಕೀಲಿ. ಅದಕ್ಕೆ ಮುಂಚಿನ ಕಾರುಗಳಲ್ಲಿ ಕೀಲಿ ತಿರುಗಿಸಿದ ಮೇಲೆ ಬೇರೊಂದು ಗುಂಡಿಯನ್ನು ಎಳೆದರೆ ಎಂಜಿನ್ ಹೊರಡುತ್ತಿತ್ತು. ಆಮೇಲಿನವಕ್ಕೆ ಕೀಲಿಯೇ ಎರಡು ಕೆಲಸವನ್ನೂ ಮಾಡುತ್ತದೆ. ಹೆಡ್‌ಲೈಟ್ ತಗ್ಗಿಸುವ ಗುಂಡಿ ಮಾತ್ರ ಕೊನೆಯವರೆಗೂ ನೆಲದಲ್ಲೇ, ಎಡಗಾಲಿನ ಬಳಿಯೇ ಇತ್ತು.

ಸೀಟಿನ ಹೊದಿಕೆ ಕಾಲವನ್ನಷ್ಟೇ ಅಲ್ಲದೆ ದರ್ಜೆಯನ್ನೂ ಹೇಳುತ್ತದೆ. ಮೊದಮೊದಲ ಡಿಲಕ್ಸ್ ಕಾರುಗಳಿಗೆ ಚರ್ಮದ ಸೀಟು, ಹೀಟರ್, ಬಂಪರ್ ಮೇಲೆ ನಿಂತ ಕ್ರೋಮ್ ಗೂಟಗಳು ಇದ್ದವು. ಸಾದಾ ದರ್ಜೆಯಲ್ಲಿ ಅವು ಇರಲಿಲ್ಲ. ಕೊನೆಯ ವರ್ಷಗಳ ಸೀಟುಗಳೆಲ್ಲ ಶಾಖದಿಂದ ಗೆರೆಯೊತ್ತಿದ ರೆಕ್ಸಿನ್ನಿನವು. ಹಳೆಯ ಚರ್ಮ ಬಿರುಕುಬಿಟ್ಟಿದ್ದರೂ ಹೊಲಿಗೆ ಗಟ್ಟಿಯಾಗಿದ್ದರೆ ಕಿತ್ತುಹಾಕಬೇಡಿ, ಎಣ್ಣೆ ಕೊಟ್ಟು ಬದುಕಿಸಬಹುದು.

ಈಗ ನೋಡಿದ್ದನ್ನೆಲ್ಲ ಜೋಡಿಸಿ. ಎರಡು ಗಾಜು, ಅಡ್ಡಪಟ್ಟಿ ಗ್ರಿಲ್, ನಡುವಿನ ಸ್ಪೀಡೋಮೀಟರ್ ಮೂರೂ ಕೂಡಿದರೆ 1954ರ ಅಕ್ಟೋಬರ್ ಮತ್ತು 1956ರ ನಡುವಿನ ಕಾರು. ಒಂದೇ ಗಾಜು ಇದ್ದು ಟ್ರಾಫಿಕೇಟರ್ ಇದ್ದರೆ 1956ರಿಂದ 1961. ಮಿನುಗುವ ದೀಪ, ಚಪ್ಪಾಳೆ ವೈಪರ್ ಎಂದರೆ 1961ರಿಂದ 1963. ಜೊತೆಯಾಗಿ ಓಡುವ ವೈಪರ್ ಇದ್ದೂ ಎಳೆಯುವ ಗುಂಡಿ ಇದ್ದರೆ 1963-64ರ ಒಂದೇ ವರ್ಷದ ತಳಿ. ಕೀಲಿಯಿಂದಲೇ ಹೊರಡುವ ಕಾರು ಅದರ ನಂತರದ್ದು. ಅಲ್ಲಿಂದ 1971ರವರೆಗೆ ಕಣ್ಣಿಗೆ ಕಾಣುವ ದೊಡ್ಡ ಬದಲಾವಣೆ ಇಲ್ಲ. ಆ ಕಾರುಗಳಿಗೆ ನಂಬರ್ ಪ್ಲೇಟಿನ ಕೊನೆಯ ಅಕ್ಷರ ನೆರವಿಗೆ ಬರುತ್ತದೆ: ಸಿ ಎಂದರೆ 1965, ಡಿ ಎಂದರೆ 1966, ಜೆ ಎಂದರೆ 1970ರ ಆಗಸ್ಟಿನಿಂದ 1971ರ ಜುಲೈವರೆಗೆ.

ನಾಲ್ಕನೆಯ ಹೆಜ್ಜೆ: ಬಾನೆಟ್ ಎತ್ತಿ ಸಂಖ್ಯೆ ನೋಡುವುದು

ಟ್ರಾವೆಲರ್‌ಗೆ ಮೂರು ಎಂಜಿನ್‌ಗಳು ಬಂದವು: 1953ರಿಂದ 803 ಸಿಸಿ, 1956ರಿಂದ 948 ಸಿಸಿ, 1962ರಿಂದ 1098 ಸಿಸಿ. ಶಕ್ತಿ ಕ್ರಮವಾಗಿ 30, 37, 48 ಅಶ್ವಶಕ್ತಿ. ಆದರೆ ಎಂಜಿನ್ ಕೂಡ ದುರ್ಬಲ ಸಾಕ್ಷಿ. ಮೂರೂ ಒಂದೇ ಕುಟುಂಬದವಾದ್ದರಿಂದ ಹಳೆಯ ಕಾರಿಗೆ 1098 ಸಿಸಿ ಕೂರಿಸುವುದು ಮಾಮೂಲು ಕೆಲಸ. 803 ಸಿಸಿ ಎಂಜಿನ್ ಇನ್ನೂ ತನ್ನ ಮೂಲ ಕಾರಿನಲ್ಲೇ ಇದ್ದರೆ ಅದನ್ನು ಉಳಿಸಿಕೊಂಡವರಿಗೆ ನಮಸ್ಕಾರ ಹೇಳಬೇಕು.

ಎಂಜಿನ್ ಹಿಂದಿನ ಉಕ್ಕಿನ ಗೋಡೆಯ ಮೇಲೆ ಕಾರಿನ ತಗಡು ಫಲಕ ಇರುತ್ತದೆ. ಮೊದಲ ಕಾಲದ ಸಂಖ್ಯೆಗಳಲ್ಲಿ ಮೊದಲ ಅಕ್ಷರ ಎಫ್ ಮೈನರ್ ಎಂಬುದನ್ನೂ ಎರಡನೆಯ ಅಕ್ಷರ ಎಲ್ ಟ್ರಾವೆಲರ್ ಎಂಬುದನ್ನೂ ಸೂಚಿಸುತ್ತದೆ. ಆಮೇಲೆ ಪದ್ಧತಿ ಬದಲಾಗಿ ಎಂ, ಎ, ಡಬ್ಲ್ಯೂ ಅಕ್ಷರಗಳ ಜೊತೆ 3 ಅಥವಾ 5 ಬಂದಿತು. ಎಂ ಮೊರಿಸ್, ಎ ಎಂಜಿನ್ ವರ್ಗ, ಡಬ್ಲ್ಯೂ ಎಸ್ಟೇಟ್ ಒಡಲು. 3 ಇದ್ದರೆ 948 ಸಿಸಿ ತಲೆಮಾರು, 5 ಇದ್ದರೆ 1098 ಸಿಸಿ. ಕೊನೆಗೆ ಡಿ ಇದ್ದರೆ ಡಿಲಕ್ಸ್. ಫಲಕದಲ್ಲಿ ಡಬ್ಲ್ಯೂ ಇರಬೇಕಾದಲ್ಲಿ ಬೇರೆ ಅಕ್ಷರ ಕಂಡರೆ, ಸಲೂನ್ ಒಂದಕ್ಕೆ ಮರದ ಹಿಂಭಾಗ ಕಟ್ಟಿರಬಹುದು ಅಥವಾ ಎರಡು ಕಾರುಗಳು ಸೇರಿ ಒಂದಾಗಿರಬಹುದು. ಅಲ್ಲಿ ಮಾತು ನಿಲ್ಲಿಸಿ ದಾಖಲೆ ಕೇಳಿ.

ಫಲಕದ ಸಂಖ್ಯೆಯನ್ನೂ ನೋಂದಣಿ ಪತ್ರವನ್ನೂ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ವಾರಿಕ್‌ಶೈರ್‌ನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಕಾರ್ಖಾನೆಯ ಹಳೆಯ ದಾಖಲೆಗಳಿವೆ. ಶುಲ್ಕ ಕಟ್ಟಿದರೆ ಅವುಗಳ ಆಧಾರದ ಮೇಲೆ ಕಾರಿನ ಪ್ರಮಾಣಪತ್ರ ಕೊಡುತ್ತಾರೆ. ಮೂಲ ಬಣ್ಣ ಯಾವುದಿತ್ತು ಎಂಬ ಜಗಳಕ್ಕೂ ಅಲ್ಲಿಯೇ ಉತ್ತರ ಹುಡುಕಬೇಕು.

ಐದನೆಯ ಹೆಜ್ಜೆ: ಮರ

ಇಷ್ಟು ಹೊತ್ತು ನೋಡಿದ್ದೆಲ್ಲ ಕಾಲವನ್ನು ತಿಳಿಯಲು. ಹಣ ಕೊಡಬೇಕೋ ಬೇಡವೋ ಎಂಬುದನ್ನು ಹೇಳುವುದು ಮರ. ಇದಕ್ಕೆ ಮುಕ್ಕಾಲು ಗಂಟೆಯಾದರೂ ಕೊಡಿ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. 1960ರಲ್ಲಿ ಬಂದ ಮಿನಿ ಟ್ರಾವೆಲರ್‌ಗೂ ಮರದ ಪಟ್ಟಿಗಳಿದ್ದವು, ಆದರೆ ಅವು ಉಕ್ಕಿನ ಒಡಲಿನ ಮೇಲೆ ಅಂಟಿಸಿದ ಅಲಂಕಾರ. ಕಿತ್ತುಹಾಕಿದರೂ ಕಾರು ನಿಲ್ಲುತ್ತದೆ. ಮೈನರ್ ಟ್ರಾವೆಲರ್‌ನಲ್ಲಿ ಹಾಗಿಲ್ಲ. ಕವೆಂಟ್ರಿಯ ಮೊರಿಸ್ ಒಡಲು ಶಾಖೆಯಲ್ಲಿ ತಯಾರಾದ ಆ ಆಶ್ ಮರದ ಚೌಕಟ್ಟೇ ಹಿಂಭಾಗದ ಚಾವಣಿಯನ್ನೂ ಗಾಜನ್ನೂ ಬಾಗಿಲನ್ನೂ ಹೊತ್ತಿದೆ. ಬ್ರಿಟನ್ನಿನ ವಾಹನ ತಪಾಸಣೆಯಲ್ಲಿ ಅದನ್ನು ಕಾರಿನ ಎಲುಬೆಂದೇ ಪರಿಗಣಿಸುತ್ತಾರೆ. ಮರ ಕುಂಬಾಗಿದ್ದರೆ ಕಾರು ಅನುತ್ತೀರ್ಣ.

ಆಶ್ ತಿಳಿ ಬಣ್ಣದ, ಉದ್ದ ಎಳೆಯ, ಗಟ್ಟಿಯಾದರೂ ಬಾಗಬಲ್ಲ ಮರ. ಗುದ್ದಲಿ, ಸುತ್ತಿಗೆಗಳ ಕಾವಿಗೆ ಅಲ್ಲಿನವರು ಬಳಸುತ್ತ ಬಂದದ್ದು ಅದನ್ನೇ. ಹೊಡೆತವನ್ನು ನುಂಗಿಕೊಳ್ಳುವ ಗುಣ ಅದಕ್ಕಿದೆ, ನೀರನ್ನು ತಾಳುವ ಗುಣ ಇಲ್ಲ. ನಮ್ಮ ತೇಗದಂತೆ ಅದು ತನ್ನದೇ ಎಣ್ಣೆಯಿಂದ ತನ್ನನ್ನು ಕಾಯ್ದುಕೊಳ್ಳದು. ವಾರ್ನಿಷ್ ಬಿರುಕುಬಿಟ್ಟ ದಿನದಿಂದ ಅದರ ಕಷ್ಟ ಶುರು.

ಅಯಸ್ಕಾಂತ ತೆಗೆಯಿರಿ. ಮುಂದಿನ ಬಾಗಿಲಿಗೆ ಅದು ಹಿಡಿಯುತ್ತದೆ. ಮರದ ಪಟ್ಟಿಗಳ ನಡುವಿನ ತಗಡಿಗೂ ಹಿಂದಿನ ಚಾವಣಿಗೂ ಹಿಡಿಯಬಾರದು, ಅವು ಅಲ್ಯುಮಿನಿಯಂ. ಅಲ್ಲಿ ಹಿಡಿದರೆ ಯಾರೋ ಉಕ್ಕಿನ ತಗಡು ಹೊಡೆದಿದ್ದಾರೆ, ಅದರ ತುಕ್ಕು ಮರಕ್ಕೂ ಇಳಿಯುತ್ತಿದೆ ಎಂದರ್ಥ.

ಈಗ ಜಾರುವ ಕಿಟಕಿಗಳ ಕೆಳಗಿನ ಕಾಲುವೆಗೆ ಬನ್ನಿ. ಟ್ರಾವೆಲರ್‌ನ ಮರಣ ಸಾಮಾನ್ಯವಾಗಿ ಇಲ್ಲಿಂದಲೇ ಆರಂಭವಾಗುತ್ತದೆ. ಗಾಜು ಜಾರುವ ಆ ಸಣ್ಣ ಹಾದಿಯಲ್ಲಿ ಮಳೆನೀರು ಇಳಿಯುತ್ತದೆ. ನೀರು ಹೊರಹೋಗಲು ಇರುವ ರಂಧ್ರಗಳು ಧೂಳಿನಿಂದ ಮುಚ್ಚಿದರೆ ಅಲ್ಲಿ ಹಸಿರು ಪಾಚಿ ಬೆಳೆಯುತ್ತದೆ. ಪಾಚಿ ಸ್ಪಂಜಿನಂತೆ ನೀರು ಹಿಡಿದಿಡುತ್ತದೆ, ಕೆಳಗಿನ ಅಡ್ಡಪಟ್ಟಿ ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಟಾರ್ಚ್ ಬಿಟ್ಟು ನೋಡಿ, ಹೆಬ್ಬೆರಳಿನಿಂದ ಒತ್ತಿ. ನಾನು ಒಮ್ಮೆ ಒಬ್ಬ ವ್ಯಾಪಾರಿಯ ಬಳಿ ಕನ್ನಡಿಯಂತೆ ಹೊಳೆಯುವ ಟ್ರಾವೆಲರ್ ನೋಡಿದೆ. ವಾರ್ನಿಷ್ ಹೊಸದು, ಬೆಲೆಯೂ ಅದಕ್ಕೆ ತಕ್ಕಂತೆ. ಕಿಟಕಿಯ ಕೆಳಗೆ ಬೆರಳಿಟ್ಟು ಒತ್ತಿದಾಗ ವಾರ್ನಿಷ್ ಪದರ ಹಪ್ಪಳದಂತೆ ಮುರಿದು ಉಗುರು ಒಳಗೆ ಹೋಯಿತು. ಒಳಗಿದ್ದದ್ದು ಪುಟ್ಟಿ ಮತ್ತು ಒದ್ದೆ ಹೊಟ್ಟು. ಆ ದಿನ ನನಗಾದ ಬೇಸರ ಹಣದ್ದಲ್ಲ, ನಾನು ಹಣ ಕೊಟ್ಟಿರಲಿಲ್ಲ. ಅರವತ್ತು ವರ್ಷ ಬಾಳಿದ ವಸ್ತುವಿಗೆ ಯಾರೋ ಹಾಗೆ ಮಾಡಿದ್ದರಲ್ಲ ಎಂಬುದಾಗಿತ್ತು.

ಅಲ್ಲಿಂದ ಕೆಳಕ್ಕೆ ಸರಿಯಿರಿ. ಹಿಂದಿನ ಚಕ್ರದ ಮೇಲೆ ಬಾಗಿ ಬರುವ ಮರ, ಚಕ್ರದ ಮುಂದೆ ಹಿಂದೆ ಇರುವ ತಳದ ಪಟ್ಟಿ, ಹಿಂಬಾಗಿಲಿನ ಎರಡು ಬದಿಯ ಮೂಲೆಗಂಬಗಳ ಬುಡ, ಹಿಂಬಾಗಿಲುಗಳ ಕೆಳಪಟ್ಟಿ, ಇವೆಲ್ಲ ರಸ್ತೆಯ ನೀರನ್ನೂ ಚಳಿಗಾಲದ ಉಪ್ಪನ್ನೂ ತಿಂದ ಜಾಗಗಳು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟುತ್ತ ಹೋಗಿ. ತೆಂಗಿನಕಾಯಿ ಆರಿಸುವಾಗ ಕಿವಿ ಕೊಡುವಂತೆ ಕಿವಿ ಕೊಡಿ. ಗಟ್ಟಿ ಮರ ಟಣ್ ಎನ್ನುತ್ತದೆ. ಕುಂಬು ಹಿಡಿದದ್ದು ಮಂಕಾಗಿ ಬಡಿಯುತ್ತದೆ. ಪುಟ್ಟಿ ತುಂಬಿದ್ದರೆ ಎರಡಕ್ಕೂ ಬೇರೆಯಾದ ಸತ್ತ ಸದ್ದು. ಮಾರುವವರ ಅನುಮತಿ ಕೇಳಿ, ಮೊಂಡು ತುದಿಯನ್ನು ಕಂಬದ ಅಡಿಭಾಗಕ್ಕೆ ಒತ್ತಿ ನೋಡಿ. ಅನುಮತಿ ಕೊಡದವರ ಕಾರನ್ನು ಕೊಳ್ಳಬೇಡಿ.

ಮರದ ತುಂಡುಗಳು ಒಂದನ್ನೊಂದು ಕಚ್ಚಿ ಸೇರುವ ಸಂದುಗಳಿಗೆ ವಿಸಿಟಿಂಗ್ ಕಾರ್ಡನ್ನು ತೂರಿಸಲು ಯತ್ನಿಸಿ. ಒಳಗೆ ಹೋದರೆ ಅಂಟು ಬಿಟ್ಟಿದೆ, ನೀರೂ ಹೋಗುತ್ತಿದೆ. ಸಂದಿನ ಸುತ್ತ ಕಪ್ಪು ಕಲೆ ಮೇಲ್ಮೈಯಲ್ಲಿ ಮಾತ್ರ ಇದ್ದರೆ ಗಾಬರಿ ಬೇಡ, ವಾರ್ನಿಷ್ ಉಜ್ಜಿ ತೆಗೆದು ಆಕ್ಸಾಲಿಕ್ ಆಮ್ಲ ಹಚ್ಚಿದರೆ ತಿಳಿಯಾಗುತ್ತದೆ. ಒತ್ತಿದಾಗ ಮೆತ್ತಗಿರುವ ಕಪ್ಪು ಬೇರೆ, ಅದಕ್ಕೆ ಔಷಧವಿಲ್ಲ.

ಕೊನೆಗೆ ಹಿಂದೆ ನಿಂತು ಎರಡು ಬಾಗಿಲುಗಳ ನಡುವಿನ ಸಂದನ್ನು ನೋಡಿ. ಮೇಲೆ ಕಿರಿದು ಕೆಳಗೆ ಅಗಲವಾಗಿದ್ದರೆ, ಬಾಗಿಲು ಹಾಕುವಾಗ ಎತ್ತಿ ಕೂರಿಸಬೇಕಾದರೆ, ಚೌಕಟ್ಟು ಕುಸಿದಿದೆ. ಬಾಗಿಲಿನ ತೆರಪನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದರೆ ಅನುಮಾನ ತೀರುತ್ತದೆ. ಎರಡು ಅಳತೆ ಸಮವಾಗಿರಬೇಕು.

ಒಂದೆರಡು ತುಂಡು ಬದಲಾಯಿಸಿದ ಮರ ಕಂಡರೆ ಹಿಂದೆ ಸರಿಯಬೇಡಿ. ಹೊಸ ತುಂಡಿನ ಬಣ್ಣ ಸ್ವಲ್ಪ ಬೇರೆ ಇರುತ್ತದೆ. ಅದು ಸಂದಿನಿಂದ ಸಂದಿನವರೆಗೆ ಇಡಿಯಾಗಿ ಬದಲಾಗಿದ್ದರೆ, ಎಳೆ ಉದ್ದಕ್ಕೆ ಹರಿದಿದ್ದರೆ, ಬಲ್ಲ ಬಡಗಿಯ ಕೆಲಸ. ನಡುವೆ ಕತ್ತರಿಸಿ ತೇಪೆ ಹಾಕಿದ್ದರೆ ಯಾರು ಮಾಡಿದ್ದು, ಯಾವಾಗ ಎಂದು ಕೇಳಿ. ಪೂರ್ತಿ ಚೌಕಟ್ಟನ್ನು ಹೊಸದಾಗಿ ಕಟ್ಟಿಕೊಡುವವರು ಇಂದಿಗೂ ಇದ್ದಾರೆ. ಅದು ಸಣ್ಣ ಖರ್ಚಲ್ಲ, ಕೆಲವು ಕಾರುಗಳ ಬೆಲೆಯನ್ನೇ ಮುಟ್ಟುತ್ತದೆ. ಜೊತೆಗೆ 2012ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಶಿಲೀಂಧ್ರ ರೋಗವೊಂದು ಅಲ್ಲಿನ ಆಶ್ ಮರಗಳನ್ನು ಕೊಲ್ಲುತ್ತಿದೆ. ಇರುವ ಮರವನ್ನು ಉಳಿಸಿಕೊಳ್ಳಲು ಅದೂ ಒಂದು ಕಾರಣ.

ಆರನೆಯ ಹೆಜ್ಜೆ: ಮರದ ಕೆಳಗಿನ ಉಕ್ಕು

ಚಾಪೆ ಹಾಸಿ ಕೆಳಗೆ ಮಲಗಿ. ಹಿಂದಿನ ಪಟ್ಟಿ ಸ್ಪ್ರಿಂಗುಗಳು ಒಡಲಿಗೆ ಸೇರುವ ಜಾಗ, ನಡುವಿನ ಅಡ್ಡತೊಲೆಯ ಎರಡು ತುದಿಗಳು, ಬಾಗಿಲ ಕೆಳಗಿನ ಒಳಪಟ್ಟಿಗಳು, ಕಾಲಿಡುವ ನೆಲ: ಈ ನಾಲ್ಕು ಕಡೆ ತುಕ್ಕು ತೂತು ಮಾಡಿದ್ದರೆ ದುರಸ್ತಿಯ ಲೆಕ್ಕವನ್ನು ಬೆಲೆಯಲ್ಲಿ ಕಳೆಯಿರಿ. ಮರ ಹೊಸದಿದ್ದು ಕೆಳಗಿನ ಉಕ್ಕು ಹಳೆಯದಿದ್ದರೆ ಅದು ತಲೆಕೆಳಗಾದ ದುರಸ್ತಿ.

ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಎಲ್ಲ ಟ್ರಾವೆಲರ್‌ಗಳೂ ಆ ಸಾಲಿಗೆ ಸೇರುತ್ತವೆ. ಆದ್ದರಿಂದ ಕಾರು ರಸ್ತೆಯಲ್ಲಿ ಓಡುತ್ತಿದೆ ಎಂಬುದು ಅದು ಗಟ್ಟಿಯಾಗಿದೆ ಎಂಬುದಕ್ಕೆ ಸಾಕ್ಷಿಯಾಗದು. ಕಡ್ಡಾಯವಿಲ್ಲದಿದ್ದರೂ ತಪಾಸಣೆ ಮಾಡಿಸಬಹುದು. ಕೊಳ್ಳುವ ಮುನ್ನ ಮಾಡಿಸಿಕೊಡಿ ಎಂದು ಮಾರುವವರನ್ನು ಕೇಳಿ, ಶುಲ್ಕವನ್ನು ನೀವೇ ಕೊಟ್ಟರೂ ನಷ್ಟವಿಲ್ಲ.

ಏಳನೆಯ ಹೆಜ್ಜೆ: ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು

ಕಾರು ನಿಮ್ಮದಾದ ಮೇಲೆ ಕೈ ತುರಿಸುತ್ತದೆ. 1962ರ ಕಾರಿಗೆ ಎರಡು ಗಾಜಿನ ಹಳೆಯ ಚಂದ ತರಬೇಕು, ಸಾದಾ ಕಾರನ್ನು ಡಿಲಕ್ಸ್ ಮಾಡಬೇಕು ಎನಿಸುತ್ತದೆ. ನನ್ನ ಅಭಿಪ್ರಾಯ ನೇರವಾಗಿದೆ: ಫಲಕ ಹೇಳುವ ಕಾಲಕ್ಕಿಂತ ಹಿಂದಕ್ಕೆ ಕಾರನ್ನು ಒಯ್ಯಬೇಡಿ. ಸಾದಾ ಟ್ರಾವೆಲರ್‌ಗಳು ಹೀಗೆಯೇ ಕಡಿಮೆಯಾಗುತ್ತಿವೆ. ಕ್ರೋಮ್ ಇಲ್ಲದ, ಹೀಟರ್ ಇಲ್ಲದ ಕಾರೂ ಒಂದು ಕಾಲದ ಮನೆಯೊಂದರ ಜೇಬಿನ ಅಳತೆಯನ್ನು ಹೇಳುತ್ತದೆ. ಚಳಿಗೆ ಹೀಟರ್ ಹಾಕಿಸಿಕೊಳ್ಳಿ, ಸೀಟ್ ಬೆಲ್ಟ್ ಹಾಕಿಸಿ, ದೀಪಗಳನ್ನು ಪ್ರಖರ ಮಾಡಿ. ಬಿಚ್ಚಿದ ಮೂಲ ಭಾಗಗಳನ್ನು ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಕಾರಿನ ಜೊತೆಯಲ್ಲೇ ಉಳಿಸಿ.

ವಿದ್ಯುತ್ ಭಾಗಗಳನ್ನು ಕೊಳ್ಳುವ ಮುನ್ನ ಬ್ಯಾಟರಿ ನೋಡಿ. ಮೈನರ್‌ಗಳಲ್ಲಿ ಧನ ತುದಿಯನ್ನು ಕಾರಿನ ಒಡಲಿಗೆ ಜೋಡಿಸುವುದು ಆ ಕಾಲದ ಪದ್ಧತಿ. ಇಂದಿನ ಕಾರುಗಳಿಗೆ ಇದು ತಿರುಗುಮುರುಗು. ಗಮನಿಸದೆ ಹೊಸ ರೇಡಿಯೊ ಜೋಡಿಸಿದರೆ ಸುಟ್ಟುಹೋಗುತ್ತದೆ.

ಬಣ್ಣದಲ್ಲಿ ಸ್ವಂತ ರುಚಿಗೆ ಕಡಿವಾಣ ಹಾಕಿ. 1960ರ ದಶಕದ ಟ್ರಾವೆಲರ್‌ಗಳಿಗೆ ಆಲ್ಮಂಡ್ ಗ್ರೀನ್, ಸ್ಮೋಕ್ ಗ್ರೇ, ಟ್ರಫಾಲ್ಗರ್ ಬ್ಲೂ, ರೋಸ್ ಟೋಪ್, ಸ್ನೋಬೆರಿ ವೈಟ್ ಮುಂತಾದ ಮೆದು ಬಣ್ಣಗಳಿದ್ದವು. ಜೇನುಬಣ್ಣದ ಮರದ ಪಕ್ಕ ಅವು ಕೂರುವ ರೀತಿಯನ್ನು ಯಾವ ಕೆಂಪು ಹೊಳಪು ಬಣ್ಣವೂ ಸರಿಗಟ್ಟದು. ಆಲ್ಮಂಡ್ ಗ್ರೀನ್ ನನಗೆ ಎಲ್ಲಕ್ಕಿಂತ ಇಷ್ಟ, ಎಳೆ ಬಾಳೆಯ ಸುಳಿಯನ್ನು ತುಸು ಬೂದಿಯಲ್ಲಿ ಅದ್ದಿದಂತಿರುತ್ತದೆ.

ಭಾರತದಲ್ಲಿರುವ ಓದುಗರಿಗೆ ಒಂದು ಮಾತು. ಈ ಕಾರಿನ ಹತ್ತಿರದ ನೆಂಟ ನಮ್ಮಲ್ಲೂ ಇದ್ದ. ಹಿಂದುಸ್ತಾನ್ ಮೋಟಾರ್ಸ್ 1950ರ ದಶ​ಕದ ಆರಂಭದಲ್ಲಿ ಮೊರಿಸ್ ಮೈನರ್ ಸಲೂನನ್ನು ಬೇಬಿ ಹಿಂದುಸ್ತಾನ್ ಎಂಬ ಹೆಸರಿನಲ್ಲಿ ಮಾರಿತು. ಅಂಬಾಸಿಡರ್ ಹುಟ್ಟಿದ್ದು ಮೊರಿಸ್ ಆಕ್ಸ್‌ಫರ್ಡಿನಿಂದ. ನಿಮ್ಮ ಊರಿನ ಹಳೆಯ ಶೆಡ್ಡಿನಲ್ಲಿ ಬೇಬಿ ಹಿಂದುಸ್ತಾನ್ ಕಂಡರೆ ಬಾನೆಟ್ಟಿನ ಆ ನಾಲ್ಕು ಇಂಚಿನ ಪಟ್ಟಿಯನ್ನು ಹುಡುಕಿ.

ಮೊದಲ ವರ್ಷದ ಆರೈಕೆ

ಕಾರನ್ನು ಮನೆಗೆ ತಂದ ವಾರವೇ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕಿಟಕಿ ಕಾಲುವೆಗಳ ಪಾಚಿಯನ್ನು ಕೆರೆದು, ತೆಳು ತಂತಿಯಿಂದ ನೀರಿನ ರಂಧ್ರಗಳನ್ನು ಬಿಡಿಸಿ. ಬೇಸಿಗೆಯಲ್ಲಿ, ಮರ ಪೂರ್ತಿ ಒಣಗಿದ ಮೇಲೆ, ಸಿಪ್ಪೆ ಏಳುತ್ತಿರುವ ವಾರ್ನಿಷನ್ನು ಎಳೆಯ ದಿಕ್ಕಿನಲ್ಲೇ ಉಜ್ಜಿ ತೆಗೆಯಿರಿ. ಅಡ್ಡಕ್ಕೆ ಉಜ್ಜಿದರೆ ಗೀರುಗಳು ಹೋಗುವುದಿಲ್ಲ. ತುಂಡುಗಳ ಕತ್ತರಿಸಿದ ತುದಿಗಳು ಹುಲ್ಲುಕಡ್ಡಿಯಂತೆ ನೀರು ಹೀರುತ್ತವೆ, ಅಲ್ಲಿಗೆ ಮರ ಕಾಯುವ ದ್ರಾವಣವನ್ನು ಎರಡು ಮೂರು ಸಲ ಕುಡಿಸಿ. ಮೇಲೆ ದೋಣಿಗೆ ಬಳಿಯುವ ವಾರ್ನಿಷನ್ನು ತೆಳುವಾಗಿ ಹಲವು ಪದರ ಕೊಡಬಹುದು. ಮರ ಉಸಿರಾಡಲು ಬಿಡುವ ಎಣ್ಣೆಯಂಥ ಲೇಪವೂ ಸಿಗುತ್ತದೆ. ಹೊಳಪು ಕಡಿಮೆಯಾದರೂ ನಾನು ಎರಡನೆಯದನ್ನೇ ಬಳಸುತ್ತೇನೆ, ಏಕೆಂದರೆ ಅದು ಸವೆದಾಗ ಕಣ್ಣಿಗೆ ಕಾಣುತ್ತದೆ, ಒಳಗೊಳಗೇ ನೀರು ಮುಚ್ಚಿಡುವುದಿಲ್ಲ.

ಸಡಿಲವಾದ ಸ್ಕ್ರೂ ಬದಲಿಸುವಾಗ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಹಾಕಿ. ಒದ್ದೆ ಹೊದಿಕೆ ಮುಚ್ಚಿ ಕಾರನ್ನು ನಿಲ್ಲಿಸಬೇಡಿ. ಗಾಳಿ ಆಡುವ ಶೆಡ್ಡು ಇಲ್ಲದಿದ್ದರೆ ಬಯಲಿನಲ್ಲಿ ತೆರೆದೇ ಇರಲಿ. ಒಣ ದಿನಗಳಲ್ಲಿ ಹಿಂದಿನ ಎರಡೂ ಬಾಗಿಲು ತೆರೆದು, ಕಿಟಕಿಗಾಜುಗಳನ್ನು ಅರ್ಧ ಸರಿಸಿ, ಒಂದು ಗಂಟೆ ಗಾಳಿಗೆ ಬಿಡಿ.